ಬಣ್ಣದ ತ್ಯಾಜ್ಯನೀರು ಮತ್ತು ಮರದ ಹೊಟ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಟ್ಟೆಗೆ ಬಣ್ಣ ಹಾಕುವ ಘಟಕಗಳಿಂದ ಹೊರಬರುವ ನೀರನ್ನು ಮರದ ಹೊಟ್ಟು, ಭತ್ತದ ಹೊಟ್ಟು, ಶೇಂಗಾ ಸಿಪ್ಪೆಗಳಂಥ ಸಸ್ಯಜನ್ಯ ವಸ್ತುಗಳಿಂದ ತಿಳಿಗೊಳಿಸಬಹುದು ಎಂದು ಓದಿದ್ದೇನೆ. ಇದು ಹೇಗೆ ಸಾಧ್ಯ? ಎಲ್ಲ ಬಣ್ಣಗಳಿಗೂ ಈ ವಿಧಾನ ಹೊಂದುತ್ತದೆಯೇ?

ಉತ್ತರ: ಸಾಧ್ಯ, ಆದರೆ ಎಲ್ಲ ಬಣ್ಣಗಳಿಗೂ ಒಂದೇ ರೀತಿಯಲ್ಲಿ ಅಲ್ಲ. ಸಸ್ಯಭಾಗಗಳಲ್ಲಿರುವ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್ ಎಂಬ ಪರಮಾಣು ಗುಂಪುಗಳಿರುತ್ತವೆ. ನೀರು ತಟಸ್ಥವಾಗಿದ್ದಾಗ ಕಾರ್ಬಾಕ್ಸಿಲ್ ಗುಂಪುಗಳು ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಟ್ಟು ಋಣಾವೇಶ ಪಡೆಯುತ್ತವೆ. ಮೆಥಿಲೀನ್ ಬ್ಲೂ, ಕ್ರಿಸ್ಟಲ್ ವಯಲೆಟ್, ಮ್ಯಾಲಕೈಟ್ ಗ್ರೀನ್ ಮೊದಲಾದ ಬಣ್ಣಗಳ ಅಣುಗಳು ನೀರಿನಲ್ಲಿ ಧನಾವೇಶ ಹೊತ್ತಿರುವುದರಿಂದ ಅವು ಈ ಮೇಲ್ಮೈಗೆ ಬಂದು ಅಂಟಿಕೊಳ್ಳುತ್ತವೆ. ಇದೇ ಅಧಿಶೋಷಣೆ.

ಬೀಕರಿನಲ್ಲಿರುವ ತೆಳು ಮೆಥಿಲೀನ್ ಬ್ಲೂ ದ್ರಾವಣಕ್ಕೆ ಚೆನ್ನಾಗಿ ತೊಳೆದ ಮರದ ಹೊಟ್ಟನ್ನು ಹಾಕಿ ಕಲಕುತ್ತಿದ್ದರೆ, ಸ್ವಲ್ಪ ಹೊತ್ತಿನಲ್ಲಿ ನೀರಿನ ನೀಲಿ ಇಳಿದು ಹೊಟ್ಟು ನೀಲಿಯಾಗುವುದು ಕಣ್ಣಿಗೇ ಕಾಣುತ್ತದೆ. ಆ ಹೊಟ್ಟನ್ನು ಸೋಸಿ ತೆಗೆದು ದುರ್ಬಲ ಆಮ್ಲದಲ್ಲಿ ನೆನೆಹಾಕಿದರೆ ಬಣ್ಣದ ಒಂದು ಭಾಗ ಮತ್ತೆ ದ್ರವಕ್ಕೆ ಇಳಿಯುತ್ತದೆ. ಬಣ್ಣ ನಾಶವಾಗಿಲ್ಲ, ನೀರಿನಿಂದ ಹೊಟ್ಟಿಗೆ ಜಾಗ ಬದಲಿಸಿದೆ ಅಷ್ಟೆ. ಈ ವಿಧಾನದ ಬಗ್ಗೆ ಬರುವ ಉತ್ಸಾಹದ ಬರಹಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಸಂಗತಿ ಇದು.

ಕಾಂಗೋ ರೆಡ್ ಹಾಗೂ ಹತ್ತಿಬಟ್ಟೆಗೆ ಬಳಸುವ ರಿಯಾಕ್ಟಿವ್ ಬಣ್ಣಗಳು ಸಲ್ಫೊನೇಟ್ ಗುಂಪುಗಳಿಂದಾಗಿ ಋಣಾವೇಶ ಹೊತ್ತಿರುತ್ತವೆ. ಹಾಗಾಗಿ ಸಂಸ್ಕರಿಸದ ಹೊಟ್ಟು ಅವನ್ನು ಅಷ್ಟಾಗಿ ಹಿಡಿಯುವುದಿಲ್ಲ. ನೀರನ್ನು ಆಮ್ಲೀಯಗೊಳಿಸಬೇಕು, ಇಲ್ಲವೇ ಹೊಟ್ಟಿನ ಮೇಲ್ಮೈಗೆ ಧನಾವೇಶದ ಗುಂಪುಗಳನ್ನು ಜೋಡಿಸಬೇಕು. ಹೊಟ್ಟನ್ನು ಸುಟ್ಟು ಸಕ್ರಿಯ ಇಂಗಾಲವಾಗಿ, ಅಂದರೆ ಅತಿಸೂಕ್ಷ್ಮ ರಂಧ್ರಗಳಿಂದ ತುಂಬಿದ ಇದ್ದಿಲಾಗಿ, ಪರಿವರ್ತಿಸುವುದು ಇನ್ನೊಂದು ದಾರಿ. ಅಂಥ ಇಂಗಾಲದ ಒಂದು ಗ್ರಾಮಿನಲ್ಲಿ ಸಾಮಾನ್ಯವಾಗಿ 500ರಿಂದ 1500 ಚದರ ಮೀಟರ್‌ಗಳಷ್ಟು ಮೇಲ್ಮೈ ಇರುತ್ತದೆ, ಆದರೆ ಅದನ್ನು ತಯಾರಿಸಲು ಶಾಖವೂ ಖರ್ಚೂ ಬೇಕು.

ಪ್ರಯೋಗಾಲಯದ ಫಲಿತಾಂಶಗಳನ್ನು ಓದುವಾಗ ಎಚ್ಚರ ಅಗತ್ಯ. ಹೆಚ್ಚಿನ ಪ್ರಯೋಗಗಳು ಶುದ್ಧ ನೀರಿನಲ್ಲಿ ಕರಗಿಸಿದ ಒಂದೇ ಬಣ್ಣದ ಮೇಲೆ ನಡೆದಿರುತ್ತವೆ. ಘಟಕದಿಂದ ಹೊರಬರುವ ನೀರಿನಲ್ಲಾದರೋ ಹಲವು ಬಣ್ಣಗಳ ಜೊತೆಗೆ ಉಪ್ಪು, ಸೋಡಾ, ಡಿಟರ್ಜೆಂಟ್, ಗಂಜಿ ಎಲ್ಲವೂ ಇದ್ದು, ಅವು ಹೊಟ್ಟಿನ ಮೇಲಿನ ಅದೇ ಜಾಗಗಳಿಗಾಗಿ ಪೈಪೋಟಿ ನಡೆಸಬಹುದು. ‘ಇಷ್ಟು ಶೇಕಡಾ ಬಣ್ಣ ಹೋಯಿತು’ ಎಂಬ ಅಂಕಿಗಿಂತ, ಒಂದು ಗ್ರಾಂ ಹೊಟ್ಟು ಎಷ್ಟು ಮಿಲಿಗ್ರಾಂ ಬಣ್ಣವನ್ನು ಹಿಡಿಯಿತು ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ. ಲೀಟರಿಗೆ 100 ಮಿಲಿಗ್ರಾಂ ಬಣ್ಣವಿರುವ 10,000 ಲೀಟರ್ ನೀರಿನಲ್ಲಿ ಒಂದು ಕಿಲೋ ಬಣ್ಣವಿರುತ್ತದೆ. ಗ್ರಾಮಿಗೆ 50 ಮಿಲಿಗ್ರಾಂ ಹಿಡಿಯುವ ಹೊಟ್ಟಾದರೆ ಅದಕ್ಕೆ ಕನಿಷ್ಠ 20 ಕಿಲೋ ಬೇಕು, ಮತ್ತು ಅಷ್ಟೂ ವಿಷಯುಕ್ತ ಒದ್ದೆ ರಾಶಿಯಾಗಿ ಉಳಿಯುತ್ತದೆ.

ತೊಳೆಯದ ಹೊಟ್ಟಿನಿಂದ ಟ್ಯಾನಿನ್‌ನಂಥ ವಸ್ತುಗಳು ಬಿಟ್ಟು ನೀರು ಕಂದು ಬಣ್ಣಕ್ಕೆ ತಿರುಗುವುದೂ ಉಂಟು. ಬಿಸಿನೀರಿನಲ್ಲಿ ಹಲವು ಸಲ ತೊಳೆದು ಒಣಗಿಸಿ ಬಳಸುವುದು ಇದೇ ಕಾರಣಕ್ಕೆ.

ಪ್ರಶ್ನೆ: ಬಣ್ಣ ಹೀರಿದ ಹೊಟ್ಟು ಸಸ್ಯಜನ್ಯವೇ ತಾನೇ? ಅದನ್ನು ಗೊಬ್ಬರದ ಗುಂಡಿಗೆ ಹಾಕಬಹುದೇ, ಒಲೆಗೆ ಉರಿಸಬಹುದೇ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಸಂಶ್ಲೇಷಿತ ಬಣ್ಣಗಳಲ್ಲಿ ಅಜೋ ಬಣ್ಣಗಳದ್ದೇ ದೊಡ್ಡ ಗುಂಪು. ಗಾಳಿಯಾಡದ ಗುಂಡಿಯಲ್ಲಿ ಸೂಕ್ಷ್ಮಜೀವಿಗಳು ಅವುಗಳಲ್ಲಿನ ಎರಡು ನೈಟ್ರೋಜನ್ ಪರಮಾಣುಗಳ ನಡುವಣ ಬಂಧವನ್ನು ಮುರಿದಾಗ ಬಣ್ಣ ಮಾಯವಾಗಿ ಆರೊಮ್ಯಾಟಿಕ್ ಅಮೈನ್‌ಗಳು ಉಳಿಯುತ್ತವೆ. ಕಾಂಗೋ ರೆಡ್‌ನಿಂದ ಹೀಗೆ ಹುಟ್ಟುವ ಬೆಂಜಿಡಿನ್ ಎಂಬ ಅಮೈನ್ ಮನುಷ್ಯರಲ್ಲಿ ಮೂತ್ರಕೋಶದ ಕ್ಯಾನ್ಸರ್ ಉಂಟುಮಾಡುತ್ತದೆ. ಒಲೆಯ ಉರಿಯಲ್ಲಿ ಬಣ್ಣ ಪೂರ್ತಿ ಸುಡುವುದಿಲ್ಲ. ಅದರಲ್ಲಿರುವ ಗಂಧಕ, ಕ್ಲೋರಿನ್‌ಗಳು ಹೊಗೆಯಲ್ಲಿ ಸೇರುತ್ತವೆ.

ಆಮ್ಲ, ಕ್ಷಾರ ಅಥವಾ ಆಲ್ಕೋಹಾಲಿನಿಂದ ತೊಳೆದು ಹೊಟ್ಟನ್ನು ಕೆಲವು ಬಾರಿ ಮರುಬಳಸಬಹುದು. ಹಾಗೆ ತೊಳೆದ ದ್ರವದಲ್ಲಿ ಬಣ್ಣ ಇನ್ನಷ್ಟು ಸಾಂದ್ರವಾಗಿರುವುದರಿಂದ ಅದನ್ನು ಪ್ರತ್ಯೇಕವಾಗಿ ಸಂಸ್ಕರಿಸಲೇಬೇಕು. ಕೊನೆಗೆ ಹೊಟ್ಟು ನಿರುಪಯುಕ್ತವಾದಾಗ ಅದು ಹೋಗಬೇಕಾದದ್ದು, ಹೊಗೆಯನ್ನು ಶುದ್ಧೀಕರಿಸುವ ವ್ಯವಸ್ಥೆಯಿರುವ ಅಧಿಕ ತಾಪದ ದಹನಕುಲುಮೆಗೆ ಅಥವಾ ಅಪಾಯಕಾರಿ ತ್ಯಾಜ್ಯಕ್ಕೆಂದೇ ತಳಕ್ಕೆ ಹೊದಿಕೆ ಹಾಸಿ ಕಟ್ಟಿದ ಭರ್ತಿತಾಣಕ್ಕೆ. ಈ ವ್ಯವಸ್ಥೆಯನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಯಾವ ಘಟಕವೂ ಹೊಟ್ಟಿನ ತೊಟ್ಟಿಯನ್ನು ಕಟ್ಟಲು ಹೊರಡಬಾರದು.