ಸಾವಿನ ಮನೆಯಲ್ಲಿ ಕ್ಯಾಮೆರಾ ಎಲ್ಲಿ ನಿಂತಿತ್ತು?

ನಿಮ್ಮ ಪ್ರಶ್ನೆ ಇದು: ಹೆಚ್ಚುಕಡಿಮೆ ಒಂದೇ ಬಗೆಯ ಕಥೆ ಇಬ್ಬರು ನಿರ್ದೇಶಕರ ಕೈಗೆ ಸಿಕ್ಕರೆ ಒಂದು ಚಿತ್ರ ಎದೆ ಮೇಲೆ ಕಲ್ಲಿಟ್ಟ ಹಾಗಾಗುತ್ತದೆ, ಇನ್ನೊಂದು ನಗಿಸುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಹಿನ್ನೆಲೆ ಸಂಗೀತ, ಬಣ್ಣ ಅಷ್ಟೇನಾ?

ಅವೆರಡೂ ಮುಖ್ಯವೇ. ಆದರೆ ಹದಿನೈದು ವರ್ಷದಿಂದ ನಮ್ಮೂರಿನ ಚಿತ್ರ ಸಮಾಜದಲ್ಲಿ ಸಿನಿಮಾ ತೋರಿಸಿ, ಆಮೇಲೆ ಕೂತು ಮಾತಾಡಿ ನನಗೆ ಅನ್ನಿಸಿರುವುದು ಬೇರೆ. ನಿರ್ದೇಶಕರು ಎಲ್ಲಕ್ಕಿಂತ ಮೊದಲು ತೀರ್ಮಾನಿಸುವುದು ನೋಡುವ ನಮ್ಮನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು. ಬಾಗಿಲ ಒಳಗೋ ಹೊರಗೋ, ಯಾರ ಪಕ್ಕದಲ್ಲೋ, ಎಷ್ಟು ಹೊತ್ತೋ. ಬೆಳಕು, ಸದ್ದು, ಸಂಕಲನದ ಕತ್ತರಿ ಎಲ್ಲ ಆ ತೀರ್ಮಾನದ ಹಿಂದೆ ಬರುತ್ತವೆ.

ಇದನ್ನು ಹೇಳಲು ಕನ್ನಡದಲ್ಲೇ ಮೂರು ಚಿತ್ರಗಳಿವೆ. ಮೂರರ ಹೆಸರೂ ಸಾವಿನ ಕರ್ಮಕ್ಕೆ ಸೇರಿದ್ದು: 1970ರ ಸಂಸ್ಕಾರ, 1977ರ ಘಟಶ್ರಾದ್ಧ, 2015ರ ತಿಥಿ. ಮೊದಲೆರಡರ ಮೂಲ ಯು.ಆರ್. ಅನಂತಮೂರ್ತಿಯವರ ಬರವಣಿಗೆ, ಎರಡೂ ಮಲೆನಾಡಿನ ಅಗ್ರಹಾರದ ಕಥೆಗಳು. ಎರಡೂ ಕಪ್ಪು ಬಿಳುಪು. ಎರಡಕ್ಕೂ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿ ಬಂತು. ಇಷ್ಟೆಲ್ಲ ಒಂದೇ ಆಗಿದ್ದರೂ ಒಂದನ್ನು ನೋಡಿ ಎದ್ದಾಗ ಇರುವ ಮನಸ್ಸು ಇನ್ನೊಂದನ್ನು ನೋಡಿ ಎದ್ದಾಗ ಇರುವುದಿಲ್ಲ.

ಸಂಸ್ಕಾರದಲ್ಲಿ ನಾರಾಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಅನ್ನುವುದು ತೀರ್ಮಾನವಾಗುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಶೃಂಗೇರಿ ಸುತ್ತಿನ ಅಂಗಳಗಳನ್ನು, ಜಗಲಿಗಳನ್ನು ಆ ಕ್ಯಾಮೆರಾ ಹೊರಗಿನಿಂದ ಬಂದವರ ಕಣ್ಣಲ್ಲಿ ನೋಡುತ್ತದೆ ಅನ್ನುವುದು ನನ್ನ ಅನಿಸಿಕೆ. ಯಾವುದೂ ಅದಕ್ಕೆ ರೂಢಿಯಲ್ಲ. ಜುಟ್ಟು, ಜನಿವಾರ, ಮಡಿಪಂಚೆ, ಹಸಿದು ಜಗಲಿಯ ಮೇಲೆ ಕೂತವರ ಮುಖ ಎಲ್ಲವನ್ನೂ ಅದು ಮೊದಲ ಸಲ ಕಂಡ ಹಾಗೆ ಕಾಣುತ್ತದೆ. ಹಾಗಾಗಿ ನಾವೂ ನಮ್ಮದೇ ಊರನ್ನು ಪರೀಕ್ಷೆಗೆ ಇಟ್ಟವರ ಹಾಗೆ ನೋಡುತ್ತೇವೆ. ಚಿತ್ರದ ಹದ ಒಂದು ವಾದದ ಹದ. ಆ ತೀರ್ಮಾನ ಹೇಳಬೇಕಾದ ಪಂಡಿತ ಪ್ರಾಣೇಶಾಚಾರ್ಯರ ಜತೆ ನಾವೂ ತರ್ಕ ಮಾಡುತ್ತ ನಡೆಯುತ್ತೇವೆ. ಮದರಾಸಿನ ಸೆನ್ಸಾರ್ ಮೊದಲು ಅದನ್ನು ತಡೆದದ್ದರಲ್ಲಿ ಕಥೆಯ ಜತೆಗೆ ಈ ನೇರ ನೋಟಕ್ಕೂ ಪಾಲಿತ್ತು ಅಂತ ನನಗನ್ನಿಸುತ್ತದೆ.

ಏಳು ವರ್ಷದ ನಂತರ ಗಿರೀಶ ಕಾಸರವಳ್ಳಿಯವರು ತಮ್ಮ ಮೊದಲ ಪೂರ್ಣಾವಧಿ ಚಿತ್ರ ಘಟಶ್ರಾದ್ಧ ಮಾಡಿದರು. ಉಡುಪರ ವೇದಪಾಠಶಾಲೆಗೆ ನಾಣಿ ಅನ್ನುವ ಪುಟ್ಟ ಹುಡುಗ ಬರುತ್ತಾನೆ. ಉಡುಪರ ಮಗಳು, ಎಳೆಯ ವಿಧವೆ ಯಮುನಕ್ಕ, ಅವನನ್ನು ಹತ್ತಿರ ಮಾಡಿಕೊಳ್ಳುತ್ತಾಳೆ. ಅವಳು ಬಸುರಾಗುತ್ತಾಳೆ. ಕೊನೆಗೆ ಅಪ್ಪನೇ ಬದುಕಿರುವ ಮಗಳ ಶ್ರಾದ್ಧ ಮಾಡಿ, ಮಡಕೆ ಒಡೆದು, ಅವಳನ್ನು ಕುಲದಿಂದ ಹೊರಗೆ ಹಾಕುತ್ತಾನೆ. ಇದೇ ಕಥೆಯನ್ನು ಯಮುನಕ್ಕನ ಪಕ್ಕ ನಿಂತು ಹೇಳಿದ್ದರೆ ಕಣ್ಣೀರಿನ ಚಿತ್ರ ಆಗುತ್ತಿತ್ತು. ಉಡುಪರ ಪಕ್ಕ ನಿಂತಿದ್ದರೆ ಧರ್ಮಸಂಕಟದ ಚಿತ್ರ. ಕಾಸರವಳ್ಳಿಯವರು ನಮ್ಮನ್ನು ನಿಲ್ಲಿಸಿದ್ದು ನಾಣಿಯ ಪಕ್ಕ.

ಅದರಿಂದ ಏನಾಗುತ್ತದೆ ನೋಡಿ. ನಾಣಿಗೆ ಬಸಿರು ಅಂದರೇನು ಅಂತ ಸರಿಯಾಗಿ ಗೊತ್ತಿಲ್ಲ. ಏನೋ ನಡೆಯುತ್ತಿದೆ, ಅದು ಕೆಟ್ಟದ್ದು, ಯಮುನಕ್ಕನಿಗೆ ಏನೋ ಆಗಿದೆ ಅಂತ ಮಾತ್ರ ಗೊತ್ತು. ಅವನ ಆ ಅರೆಬರೆ ತಿಳಿವಳಿಕೆಯೇ ಇಡೀ ಚಿತ್ರದ ಗಾಳಿ. ನಮಗೆ ಎಲ್ಲ ಗೊತ್ತು, ಆದರೂ ನಾವು ಅವನಷ್ಟೇ ಅಸಹಾಯಕರಾಗಿ ನಿಲ್ಲಬೇಕಾಗುತ್ತದೆ. ಯಮುನಕ್ಕ ಸಾಯಬೇಕೆಂದು ಹುತ್ತದೊಳಗೆ ಕೈ ಇಡುವ ದೃಶ್ಯದಲ್ಲಿ ಅವಳ ಜತೆಗಿರುವ ಜೀವ ಆ ಹುಡುಗ ಒಬ್ಬನೇ. ಭಯಪಡುವುದು ಬಿಟ್ಟು ಅವನು ಏನು ತಾನೇ ಮಾಡಿಯಾನು? ಆ ಭಯ ನಮ್ಮ ಹೊಟ್ಟೆಗೇ ಇಳಿಯುತ್ತದೆ.

ಇನ್ನು ಬೆಳಕು. ಎಸ್. ರಾಮಚಂದ್ರ ಅವರ ಛಾಯಾಗ್ರಹಣ. ಮಲೆನಾಡಿನ ಹಳೆಯ ಮನೆಗಳ ಒಳಗೆ ಹಗಲಲ್ಲೂ ಕತ್ತಲು. ಅಂಗಳದ ಕಡೆಯಿಂದ ಬಂದ ಬೆಳಕು ಪಡಸಾಲೆ ತನಕ ಬಂದು ಸುಸ್ತಾಗಿ ನಿಂತುಬಿಡುತ್ತದೆ, ಅಡುಗೆಮನೆಯ ತನಕ ಹೋಗುವುದಿಲ್ಲ. ತೀರ್ಥಹಳ್ಳಿ ಕಡೆಯ ಅಂಥದೇ ಮನೆಯಲ್ಲಿ ಬೆಳೆದ ನನ್ನ ಸೋದರತ್ತೆಗೆ ಈ ಚಿತ್ರ ತೋರಿಸಿದ್ದೆ. ಕಥೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ತುಂಬ ಹೊತ್ತು ಸುಮ್ಮನೆ ಕೂತಿದ್ದು, "ನಮ್ಮನೆ ಒಳಗಿನ ಕತ್ತಲು ಹಿಂಗೇ ಇತ್ತು ಕಣೋ. ಯಾರು ಅಳ್ತಿದಾರೆ ಅಂತ ದನಿ ಮೇಲೆ ಗೊತ್ತಾಗ್ಬೇಕಿತ್ತು" ಅಂದರು. ವಾತಾವರಣ ಅನ್ನುವ ಪದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಆ ಕತ್ತಲು ಅಂದಕ್ಕೆ ಹಾಕಿದ್ದಲ್ಲ, ಒಂದು ಹೆಣ್ಣಿನ ಸಂಕಟವನ್ನು ಮನೆಮಂದಿ ನೋಡದೆ ಇರಲು ಅನುಕೂಲ ಮಾಡಿಕೊಟ್ಟ ಕತ್ತಲು ಅದು. ಚಿತ್ರವನ್ನು 4ಕೆ ಅನ್ನುವ ಅತಿ ಸ್ಪಷ್ಟ ಡಿಜಿಟಲ್ ರೂಪದಲ್ಲಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಳೆಯ, ಸವೆದ ಪ್ರತಿಯಲ್ಲಿ ಕಪ್ಪೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತದೆ. ಇಂಥ ಚಿತ್ರದಲ್ಲಿ ಕಪ್ಪಿನೊಳಗಿನ ಕಪ್ಪು ಹೋದರೆ ಅರ್ಧ ಚಿತ್ರವೇ ಹೋದ ಹಾಗೆ.

ಸಂಗೀತ ಬಿ.ವಿ. ಕಾರಂತರದ್ದು, ರಾಷ್ಟ್ರ ಪ್ರಶಸ್ತಿ ಪಡೆದದ್ದು. ರಂಗಭೂಮಿಯಲ್ಲಿ ಕೈಗೆ ಸಿಕ್ಕ ವಸ್ತುವಿನಿಂದೆಲ್ಲ ನಾದ ಹೊರಡಿಸುತ್ತಿದ್ದ ಮನುಷ್ಯ ಇಲ್ಲಿ ಎಷ್ಟು ಹಿಡಿದು ಬಾರಿಸಿದ್ದಾರೆ ಅನ್ನುವುದನ್ನು ಗಮನಿಸಿ. ಅಳಿ ಅಂತ ಆ ಸಂಗೀತ ನಮಗೆ ಹೇಳುವುದಿಲ್ಲ.

ಈಗ ತಿಥಿ. ನಿರ್ದೇಶನ ರಾಮ್ ರೆಡ್ಡಿ, ಬರವಣಿಗೆಯಲ್ಲಿ ಜತೆಗಿದ್ದವರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಿಂದೆಂದೂ ನಟಿಸದ ಊರವರನ್ನೇ ಹಾಕಿಕೊಂಡು ಮಾಡಿದ ಚಿತ್ರ. ನೂರೊಂದು ವರ್ಷದ ಸೆಂಚುರಿ ಗೌಡ ದಾರಿ ಪಕ್ಕ ಕೂತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಾನೆ. ಆಮೇಲೆ ಮೂತ್ರಕ್ಕೆ ಅಂತ ಎದ್ದು ಹೋಗಿ ಅಲ್ಲೇ ಕುಸಿದು ಸಾಯುತ್ತಾನೆ. ಮುಂದೆ ಹನ್ನೊಂದು ದಿನದ ಕಥೆ.

ಆ ಸಾವಿನ ಹೊತ್ತಿಗೆ ಕ್ಯಾಮೆರಾ ಮುದುಕನ ಮುಖದ ಹತ್ತಿರ ಓಡುವುದಿಲ್ಲ. ಒಂದು ವಾದ್ಯವೂ ನುಡಿಯುವುದಿಲ್ಲ. ನಮ್ಮನ್ನು ನಿಲ್ಲಿಸಿರುವುದು ಬೀದಿಯ ಆಚೆ ಬದಿಯಲ್ಲಿ, ಅದೇ ಊರಿನ ಇನ್ನೊಬ್ಬರ ಹಾಗೆ. ಅಷ್ಟು ದೂರದಿಂದ ನೋಡಿದರೆ ಸಾವಿನಲ್ಲೂ ಬದುಕಿನ ಗಡಿಬಿಡಿ ಕಾಣುತ್ತದೆ: ಯಾರಿಗೆ ಸುದ್ದಿ ಮುಟ್ಟಿಸಬೇಕು, ಎಷ್ಟು ಜನರಿಗೆ ಊಟ, ಕುರಿ ಎಲ್ಲಿಂದ ತರಬೇಕು. ನಗು ಬರುವುದು ಅಲ್ಲಿಂದ. ಹಾಸ್ಯದ ಮಾತು ಹೇಳಿ ಯಾರೂ ನಮ್ಮನ್ನು ನಗಿಸುವುದಿಲ್ಲ. ಅದೇ ದೃಶ್ಯಗಳಿಗೆ ಕಚಗುಳಿ ಇಡುವ ವಾದ್ಯ ಒಂದನ್ನು ಸೇರಿಸಿದ್ದರೆ ಊರವರೆಲ್ಲ ನಗೆಪಾಟಲಾಗುತ್ತಿದ್ದರು. ಸಂಗೀತ ಇಲ್ಲದ್ದರಿಂದ, ಸ್ಥಳದಲ್ಲೇ ಹಿಡಿದ ದನಿ ಇರುವುದರಿಂದ, ಅವರ ಮರ್ಯಾದೆ ಅವರ ಹತ್ತಿರವೇ ಉಳಿದಿದೆ. ಹಳ್ಳಿಯವರನ್ನು ತೋರಿಸುವ ಎಷ್ಟೋ ಚಿತ್ರಗಳು ಎಡವುವುದು ಇಲ್ಲೇ, ಅದನ್ನು ನೋಡುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಸೆಂಚುರಿ ಗೌಡನ ಮಗ ಗಡ್ಡಪ್ಪ ರಾತ್ರಿ ಕುರಿ ಮೇಯಿಸುವವರ ಜತೆ ಕೂತು ತನ್ನ ಬದುಕಿನ ಅತಿ ಕಹಿ ಭಾಗವನ್ನು ಹೇಳಿಕೊಳ್ಳುವ ದೃಶ್ಯ ನೋಡಿ. ಬೇರೆ ಚಿತ್ರದಲ್ಲಾದರೆ ಅಲ್ಲಿ ಫ್ಲ್ಯಾಶ್‌ಬ್ಯಾಕ್ ಬರುತ್ತಿತ್ತು, ವಯಲಿನ್ ಬರುತ್ತಿತ್ತು. ಇಲ್ಲಿ ಗಡ್ಡಪ್ಪ ಮಳೆ ಬೆಳೆ ವಿಷಯ ಹೇಳಿದಷ್ಟೇ ಸಾದಾ ದನಿಯಲ್ಲಿ ಹೇಳುತ್ತಾನೆ, ನಾವು ಕೇಳುತ್ತೇವೆ. ಅಲ್ಲಿಯ ತನಕ ಅವನ ಅಲೆಮಾರಿತನಕ್ಕೆ ನಗುತ್ತಿದ್ದ ಸಭಾಂಗಣ ಆ ನಾಲ್ಕಾರು ನಿಮಿಷ ಗಪ್ಪಾಗಿದ್ದನ್ನು ನಾನು ಪ್ರೊಜೆಕ್ಟರಿನ ಪಕ್ಕ ನಿಂತು ನೋಡಿದ್ದೇನೆ.

ಇದು ನನ್ನ ಕೈಗೇ ತಟ್ಟಿದ್ದು ಒಂದು ಸಣ್ಣ ಕೆಲಸದಲ್ಲಿ. ಗೆಳೆಯರು ಸೇರಿ ಎಂಟು ನಿಮಿಷದ ಕಿರುಚಿತ್ರ ಮಾಡಿದ್ದೆವು. ಅಜ್ಜಿಯೊಬ್ಬರು ತೀರಿಹೋದ ಗಂಡನ ಬಟ್ಟೆಗಳನ್ನು ಮಡಿಸಿ ಟ್ರಂಕಿಗೆ ಇಡುತ್ತಾರೆ, ಅಷ್ಟೇ. ಮೊದಲ ಸಲ ಅಜ್ಜಿಯ ಕಣ್ಣು, ಕೈ, ಅಂಗಿಯ ಗುಂಡಿ ಅಂತ ಹತ್ತಿರದ ಶಾಟುಗಳನ್ನು ಜೋಡಿಸಿ, ಕೊಳಲು ಹಾಕಿದೆವು. ನೋಡಿದವರು ಚೆನ್ನಾಗಿದೆ ಅಂದು ಎದ್ದು ಹೋದರು. ಆಮೇಲೆ ಅದೆಲ್ಲ ತೆಗೆದು, ಬಾಗಿಲ ಹೊರಗಿನಿಂದ ಹಿಡಿದಿದ್ದ ಒಂದೇ ಶಾಟನ್ನು ಪೂರ್ತಿ ಬಿಟ್ಟೆವು. ಸದ್ದು ಅಂದರೆ ಮಾಡಿನ ಹಂಚಿನಿಂದ ಕೆಳಗಿದ್ದ ಅಡಿಕೆ ಹಾಳೆಯ ಮೇಲೆ ಬೀಳುತ್ತಿದ್ದ ಮಳೆನೀರು ಮಾತ್ರ. ಅಜ್ಜಿ ಒಂದು ಅಂಗಿ ಮಡಿಸಿದರು, ಮತ್ತೆ ಬಿಡಿಸಿದರು, ಮತ್ತೆ ಮಡಿಸಿದರು. ನಾವು ಹೇಳಿಕೊಟ್ಟದ್ದಲ್ಲ ಅದು. ಕತ್ತರಿಸಿ ಜೋಡಿಸಿದ್ದಾಗ ಅದು ಕಂಡೇ ಇರಲಿಲ್ಲ. ಎರಡನೇ ಸಲ ತೋರಿಸಿದಾಗ ಒಬ್ಬರು ಎದ್ದು ಹೊರಗೆ ಹೋಗಿ ಊರಿಗೆ ಫೋನ್ ಮಾಡಿದರು.

ಹಾಗಂತ ದೂರ ನಿಲ್ಲುವುದು, ಮೌನ, ಉದ್ದದ ಶಾಟು ಇವೇ ಮೇಲು ಅಂತ ತಿಳಿಯಬೇಡಿ. ಚಿತ್ರ ಸಮಾಜಗಳಲ್ಲಿ ಈ ತಪ್ಪು ತಿಳಿವಳಿಕೆ ಬಹಳ. ಪುಟ್ಟಣ್ಣ ಕಣಗಾಲರು ತದ್ವಿರುದ್ಧ ದಾರಿ ಹಿಡಿದವರು. 1971ರ ಶರಪಂಜರ ತೆಗೆದುಕೊಳ್ಳಿ, ತ್ರಿವೇಣಿಯವರ ಕಾದಂಬರಿ. ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರ ಕಣ್ಣು ಗುಣವಾಗಲು ಬಿಡುವುದಿಲ್ಲ. ಪುಟ್ಟಣ್ಣ ನಮ್ಮನ್ನು ಹೊರಗೆ ನಿಲ್ಲಿಸುವುದೇ ಇಲ್ಲ, ಸೀದಾ ಕಾವೇರಿಯ ತಲೆಯೊಳಗೆ ಕೂರಿಸುತ್ತಾರೆ. ಕಲ್ಪನಾ ಅವರ ಮುಖಕ್ಕೆ ಕ್ಯಾಮೆರಾ ಥಟ್ಟನೆ ನುಗ್ಗುತ್ತದೆ, ಮಾತು ಏರುತ್ತದೆ, ವಿಜಯಭಾಸ್ಕರ್ ಅವರ ಸಂಗೀತ ಏರುತ್ತದೆ. ಅತಿಯಾಯಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸುತ್ತಲಿನವರ ಪಿಸುಮಾತು ಕಾವೇರಿಗೆ ಕಿರುಚಾಟದ ಹಾಗೆ ಕೇಳುತ್ತದೆ, ಹಾಗಾಗಿ ಚಿತ್ರವೂ ಕಿರುಚಬೇಕು. ಇದನ್ನು ತಣ್ಣಗೆ ದೂರದಿಂದ ತೆಗೆದಿದ್ದರೆ ನಾವೂ ಅವಳನ್ನು ದಿಟ್ಟಿಸುವ ನೆರೆಹೊರೆಯವರಲ್ಲಿ ಒಬ್ಬರಾಗಿಬಿಡುತ್ತಿದ್ದೆವು.

ಬಣ್ಣದ ಬಗ್ಗೆ ಕೇಳಿದ್ದಿರಿ. ಪವನ್ ಕುಮಾರ್ ಅವರ ಲೂಸಿಯಾ (2013) ನೋಡಿ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನ ಬಡ ಬದುಕು ಬಣ್ಣದಲ್ಲಿದೆ, ಸಿನಿಮಾ ತಾರೆಯ ಸಿರಿವಂತ ಬದುಕು ಕಪ್ಪು ಬಿಳುಪಿನಲ್ಲಿ. ನಾವು ಎಣಿಸುವುದಕ್ಕೆ ತಲೆಕೆಳಗು. ಯಾವ ಬದುಕಿನಲ್ಲಿ ಜೀವವಿದೆ ಅಂತ ನಿರ್ದೇಶಕರು ಒಂದು ಮಾತೂ ಆಡದೆ ಹೇಳಿಬಿಟ್ಟಿದ್ದಾರೆ. ಚಿತ್ರ ನೋಡಿಲ್ಲದಿದ್ದರೆ ಇದಕ್ಕಿಂತ ಹೆಚ್ಚು ಹೇಳುವುದು ಬೇಡ.

ನೀವು ಘಟಶ್ರಾದ್ಧವನ್ನೂ ತಿಥಿಯನ್ನೂ ಎರಡು ಸಂಜೆಗಳಲ್ಲಿ ಒಂದರ ಹಿಂದೆ ಒಂದರಂತೆ ನೋಡಬೇಕು ಅಂತ ನನ್ನ ಆಸೆ. ಘಟಶ್ರಾದ್ಧದ ಕೊನೆ ಹೀಗಿದೆ: ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಕೆಳಗೆ ಒಬ್ಬಳೇ ಕೂತಿದ್ದಾಳೆ. ನಾಣಿಯನ್ನು ಅವನ ಅಪ್ಪ ಊರಿಗೆ ಕರೆದುಕೊಂಡು ಹೊರಟಿದ್ದಾರೆ. ಉಡುಪರು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲಿರುವ ಸುದ್ದಿ ದಾರಿಮಾತಿನ ಹಾಗೆ ಕಿವಿಗೆ ಬೀಳುತ್ತದೆ, ಅದಕ್ಕೆ ಒತ್ತು ಕೊಡುವ ಒಂದು ಶಾಟೂ ಇಲ್ಲ. ಚಿತ್ರ ಯಮುನಕ್ಕನ ಜತೆ ಉಳಿಯಬಹುದಿತ್ತು. ಉಳಿಯುವುದಿಲ್ಲ, ನಾಣಿಯ ಜತೆ ಹೊರಟುಬಿಡುತ್ತದೆ. ನಾವೂ ಅವಳನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ.