ಎರಡು ಮಳೆಗಾಲ ಮೆಣಸಿನ ಬಳ್ಳಿ ಸತ್ತಿದ್ದಕ್ಕೆ

ಸಕಲೇಶಪುರದ ತೋಟದಲ್ಲಿ ಎರಡು ಮಳೆಗಾಲವೂ ಕಾಳುಮೆಣಸು ಸತ್ತಿದೆ, ಈ ಪೆಟ್ಟಿನಿಂದ ಏನು ಕಲಿಯಲಿ ಅಂತ ಕೇಳಿದ್ದೀರಿ. ಎಲೆ ಕಪ್ಪಾಗಿ ಉದುರಿ, ಬಳ್ಳಿ ಕೆಲವೇ ದಿನದಲ್ಲಿ ಒಣಗಿದ್ದರೆ ಅದು ಹೆಚ್ಚಾಗಿ ಶೀಘ್ರ ಸೊರಗು ರೋಗ. ಬುಡದಲ್ಲಿ ನಿಂತ ನೀರೇ ಅದಕ್ಕೆ ದಾರಿ. ನಿಧಾನಕ್ಕೆ ಹಳದಿಯಾಗಿ ಸತ್ತಿದ್ದರೆ ಬೇರಿಗೆ ಹತ್ತುವ ಸಣ್ಣ ಜಂತುಹುಳು (ನೆಮಟೋಡ್) ಇರಬಹುದು, ಬೇರಿನಲ್ಲಿ ಗಂಟು ಇದೆಯಾ ಅಗೆದು ನೋಡಿ.

ಮೊದಲು ತೋಟದ ನಕ್ಷೆ ಬರೆದು, ಯಾವ ಬಳ್ಳಿ ಯಾವ ವಾರ ಸತ್ತಿತು ಗುರುತು ಹಾಕಿ. ನೊಂದ ಮನಸ್ಸಿಗೆ ಎಲ್ಲವೂ ಒಟ್ಟಿಗೇ ಹೋದಂತೆ ಅನಿಸುತ್ತದೆ. ನಕ್ಷೆಯಲ್ಲಿ ನೀರು ಹರಿದ ಸಾಲು ಕಾಣುತ್ತದೆ. ಅಲ್ಲೇ ಬಸಿಗಾಲುವೆ ತೆಗೆಸಿ. ಸತ್ತ ಬಳ್ಳಿ ಬೇರುಸಮೇತ ಕಿತ್ತು ಸುಡಿ. ಮುಂಗಾರಿಗೆ ಮುಂಚೆ ಶೇ. 1ರ ಬೋರ್ಡೋ ದ್ರಾವಣ (ಶಿಲೀಂಧ್ರನಾಶಕ) ಹೊಡೆಯಿರಿ: 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನೇ ಸುಣ್ಣದ ನೀರಿಗೆ ಸುರಿಯಬೇಕು. ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಬ್ಲೇಡಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ.