ಓದುಗರ ಪ್ರಶ್ನೆ: ರ‍್ಯಾಮ್ ಒಗ್ಗದಿದ್ದರೆ ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನಾನೇ ಜೋಡಿಸಿದ ಕಂಪ್ಯೂಟರಿನಲ್ಲಿ 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್‌ಗಳಿದ್ದವು. ವೇಗ 3200, ಸಿಎಲ್16, 1.35 ವೋಲ್ಟ್. ಮೊನ್ನೆ ಅದೇ ಮಾಡೆಲ್ ನಂಬರಿನ ಇನ್ನೆರಡು ತಂದು ಹಾಕಿದೆ. ಈಗ ಒಮ್ಮೆ ಬೂಟ್ ಆದರೆ ಇನ್ನೊಮ್ಮೆ ಪರದೆ ಕಪ್ಪಗೇ ಇರುತ್ತದೆ. ಬೂಟ್ ಆದರೂ ಗಂಟೆಯೊಳಗೆ ನೀಲಿ ಪರದೆ. ಹಳೆಯ ಜೋಡಿಯನ್ನಷ್ಟೇ ಹಾಕಿದರೂ, ಹೊಸ ಜೋಡಿಯನ್ನಷ್ಟೇ ಹಾಕಿದರೂ ಯಾವ ತೊಂದರೆಯೂ ಇಲ್ಲ. ಹೊಸದು ಕೆಟ್ಟಿದೆಯೇ?

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಎರಡು ಜೋಡಿಗಳೂ ಬೇರೆಬೇರೆಯಾಗಿ ಸರಿಯಾಗಿ ನಡೆಯುತ್ತಿವೆ, ಒಟ್ಟಿಗೆ ಸೇರಿದಾಗ ಮಾತ್ರ ಒಗ್ಗುತ್ತಿಲ್ಲ.

ಪೆಟ್ಟಿಗೆಯ ಮೇಲಿರುವ 3200, ಸಿಎಲ್16 ಎಂಬುದು ಎಕ್ಸ್‌ಎಂಪಿ ಸೆಟ್ಟಿಂಗ್. ವೇಗ, ಟೈಮಿಂಗ್ (ಮಾಹಿತಿ ಕೊಡಲು ಹಿಡಿಯುವ ಗಡಿಯಾರ ಬಡಿತಗಳ ಲೆಕ್ಕ, ಸಿಎಲ್16 ಅದರಲ್ಲೊಂದು), ವೋಲ್ಟೇಜ್ ಎಷ್ಟಿರಬೇಕೆಂದು ತಯಾರಕರು ಸ್ಟಿಕ್ಕಿನ ಮೇಲಿನ ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರೆ. ಆ ಲೆಕ್ಕ ಒಂದೇ ಪೆಟ್ಟಿಗೆಯಲ್ಲಿ ಬಂದ ಸ್ಟಿಕ್‌ಗಳಿಗೆ ಹೊಂದುವಂಥದ್ದು. ಎರಡು ಪೆಟ್ಟಿಗೆ ಕೂಡಿಸಿದರೆ ಆ ಭರವಸೆ ಇರುವುದಿಲ್ಲ. ಮಾಡೆಲ್ ನಂಬರ್ ಒಂದೇ ಆಗಿದ್ದರೂ ಒಳಗಿನ ಮೆಮೊರಿ ಚಿಪ್ ಬೇರೆ ಕಂಪನಿಯದ್ದಾಗಿರಬಹುದು, ಒಂದು ಸಿಂಗಲ್ ರ‍್ಯಾಂಕ್ (ಚಿಪ್‌ಗಳದ್ದು ಒಂದೇ ಗುಂಪು), ಇನ್ನೊಂದು ಡ್ಯುಯಲ್ ರ‍್ಯಾಂಕ್ (ಎರಡು ಗುಂಪು) ಆಗಿರಬಹುದು. ಸಿಪಿಯು-ಝಡ್ ತಂತ್ರಾಂಶದ ಎಸ್‌ಪಿಡಿ ಪುಟದಲ್ಲಿ ನಾಲ್ಕೂ ಸ್ಲಾಟ್‌ಗಳನ್ನು ಒಂದೊಂದಾಗಿ ತೆರೆದು ನೋಡಿ, ವ್ಯತ್ಯಾಸವಿದ್ದರೆ ಅಲ್ಲೇ ಕಾಣುತ್ತದೆ.

ಇನ್ನೊಂದು ಕಾರಣ ಪ್ರೊಸೆಸರಿನಲ್ಲಿದೆ. ರ‍್ಯಾಮ್ ನಡೆಸುವ ಮೆಮೊರಿ ಕಂಟ್ರೋಲರ್ ಇರುವುದು ಅದರೊಳಗೆ. ಒಂದು ಚಾನೆಲ್‌ಗೆ, ಅಂದರೆ ಕಂಟ್ರೋಲರಿನಿಂದ ಸ್ಟಿಕ್‌ಗಳಿಗೆ ಹೋಗುವ ಎರಡು ದಾರಿಗಳಲ್ಲಿ ಒಂದಕ್ಕೆ, ಒಂದು ಸ್ಟಿಕ್ ಇದ್ದಾಗ ಹೊರುವ ಭಾರ ಬೇರೆ, ಎರಡಿದ್ದಾಗಿನ ಭಾರ ಬೇರೆ. ನಾಲ್ಕು ಸ್ಟಿಕ್‌ಗಳಿದ್ದರೆ ಸಿಗ್ನಲ್ ಮಸುಕಾಗಿ, ಎರಡರಲ್ಲಿ ಸಲೀಸಾಗಿ ಸಿಗುತ್ತಿದ್ದ ವೇಗ ಸಿಗದೇ ಹೋಗುತ್ತದೆ.

ಮೊದಲು ಕಂಪ್ಯೂಟರ್ ಆರಿಸಿ, ಪವರ್ ಕೇಬಲ್ ಕಿತ್ತು, ಒಂದು ಜೋಡಿಯ ಎರಡೂ ಸ್ಟಿಕ್‌ಗಳನ್ನು ಎ2 ಮತ್ತು ಬಿ2 ಸ್ಲಾಟ್‌ಗಳಲ್ಲಿ (ಎ, ಬಿ ಎಂದರೆ ಎರಡು ಚಾನೆಲ್‌ಗಳು), ಇನ್ನೊಂದು ಜೋಡಿಯನ್ನು ಎ1 ಮತ್ತು ಬಿ1ನಲ್ಲಿ ಕೂರಿಸಿ. ಆಗ ಎರಡೂ ಚಾನೆಲ್‌ಗಳಿಗೆ ಒಂದೇ ರೀತಿಯ ಭಾರ ಬೀಳುತ್ತದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಹಚ್ಚಿದೊಡನೆ ಓಡುವ ಮದರ್‌ಬೋರ್ಡಿನ ತಂತ್ರಾಂಶ) ಎಕ್ಸ್‌ಎಂಪಿ ಆಫ್ ಮಾಡಿ. ರ‍್ಯಾಮ್ ಸಾಮಾನ್ಯವಾಗಿ 2133, 2400 ಅಥವಾ 2666 ವೇಗಕ್ಕೆ ಇಳಿಯುತ್ತದೆ. ಇದೇ ಸ್ಥಿತಿಯಲ್ಲಿ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನಾಲ್ಕು ಸುತ್ತೂ ಪೂರ್ತಿ ಓಡಿಸಿ. ರಾತ್ರಿ ಹಚ್ಚಿಟ್ಟು ಮಲಗುವುದೇ ಲೇಸು. ಒಂದೇ ಒಂದು ಎರರ್ ಬಂದರೂ ಅದು ನಪಾಸು. ರ‍್ಯಾಮ್ ವಿಷಯದಲ್ಲಿ ‘ಸ್ವಲ್ಪ ತಪ್ಪು’ ಎಂಬುದಿಲ್ಲ, ಆ ಒಂದು ತಪ್ಪು ನಿಮ್ಮ ಫೈಲಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳಬಹುದು.

ಇದು ಪಾಸಾದರೆ ಎಕ್ಸ್‌ಎಂಪಿ ಮತ್ತೆ ಹಚ್ಚಿ, ಟೈಮಿಂಗ್ ಮುಟ್ಟದೆ ವೇಗವನ್ನಷ್ಟೇ 2933ಕ್ಕೆ ಇಳಿಸಿ. ಬಹಳಷ್ಟು ಕಂಪ್ಯೂಟರುಗಳು ಇಲ್ಲೇ ಸರಿಹೋಗುತ್ತವೆ. 3200 ಬೇಕೇ ಬೇಕೆಂದರೆ ಟೈಮಿಂಗ್ ಸಡಿಲಿಸಿ 18-22-22-42 ಮಾಡಿ, ಕಮಾಂಡ್ ರೇಟ್ 2ಟಿ ಇಡಿ, ಡಿರ‍್ಯಾಮ್ ವೋಲ್ಟೇಜನ್ನು 1.35ರಿಂದ 1.38ಕ್ಕೆ, ಸಾಲದಿದ್ದರೆ 1.40ಕ್ಕೆ ಏರಿಸಿ. ಅದಕ್ಕಿಂತ ಮೇಲೆ ಹೋಗಬೇಡಿ. ಪ್ರತಿ ಬದಲಾವಣೆಯ ನಂತರ ಮತ್ತೆ ಪರೀಕ್ಷೆ ಮಾಡಬೇಕು, ಒಮ್ಮೆಗೆ ಒಂದನ್ನೇ ಬದಲಿಸಬೇಕು. ಇಷ್ಟಾದರೂ ಒಗ್ಗದಿದ್ದರೆ ಎರಡೂ ಜೋಡಿಗಳನ್ನು ಕೊಟ್ಟು, ಒಂದೇ ಪೆಟ್ಟಿಗೆಯ 16 ಜಿಬಿಯ ಎರಡು ಸ್ಟಿಕ್ ಕೊಳ್ಳುವುದು ಸರಿಯಾದ ದಾರಿ. 32 ಜಿಬಿ ಬೇಕಾದವರು ಮೊದಲೇ ಹೀಗೆ ಕೊಂಡರೆ ಇಷ್ಟೆಲ್ಲ ಪಾಡು ಇರುವುದಿಲ್ಲ.

ಪ್ರಶ್ನೆ: ಎಎಂ5 (ಎಎಂಡಿ ರೈಝನ್ ಪ್ರೊಸೆಸರಿನ ಸಾಕೆಟ್) ಮದರ್‌ಬೋರ್ಡಿನಲ್ಲಿ ಹೊಸದಾಗಿ ಡಿಡಿಆರ್5 ಹಾಕಿ ಜೋಡಿಸಿದ್ದೇನೆ. ಫ್ಯಾನ್ ತಿರುಗುತ್ತವೆ, ಡಿರ‍್ಯಾಮ್ ಎಂಬ ಪುಟ್ಟ ದೀಪ ಹತ್ತೇ ಇರುತ್ತದೆ, ಪರದೆಯಲ್ಲಿ ಏನೂ ಇಲ್ಲ. ಅರ್ಧ ನಿಮಿಷ ನೋಡಿ ಆರಿಸಿ, ಮತ್ತೆ ಹಚ್ಚಿ ನೋಡಿದರೂ ಅಷ್ಟೇ.

ಉತ್ತರ: ನೀವು ಆರಿಸುತ್ತಿರುವುದೇ ತೊಂದರೆ ಇರಬಹುದು. ಮೊದಲ ಸಲ ಹಚ್ಚಿದಾಗ ಬೋರ್ಡು ಪ್ರತಿ ಸ್ಟಿಕ್ಕಿಗೂ ಸಿಗ್ನಲ್ಲಿನ ಸಮಯ ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಡಿಡಿಆರ್5ನಲ್ಲಿ ಇದಕ್ಕೆ ಹಲವು ನಿಮಿಷ ಬೇಕು, ಸ್ಟಿಕ್ ದೊಡ್ಡದಾದಷ್ಟೂ, ಸಂಖ್ಯೆ ಹೆಚ್ಚಿದಷ್ಟೂ ಇನ್ನೂ ನಿಧಾನ. ನಡುವೆ ತಾನಾಗಿ ಒಂದೆರಡು ಸಲ ರೀಸ್ಟಾರ್ಟ್ ಆಗುವುದೂ ಉಂಟು. ಮಧ್ಯದಲ್ಲಿ ಆರಿಸಿದರೆ ಎಲ್ಲ ಮೊದಲಿನಿಂದ. ಹದಿನೈದು ನಿಮಿಷ ಮುಟ್ಟದೆ ಬಿಡಿ.

ಆಮೇಲೂ ಏಳದಿದ್ದರೆ ಒಂದೇ ಸ್ಟಿಕ್ ಎ2ನಲ್ಲಿ ಹಾಕಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಅದು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು. ಎರಡು ಸ್ಟಿಕ್ ಹಾಕುವಾಗ ಎರಡನೆಯದು ಮತ್ತು ನಾಲ್ಕನೆಯದು. ಒಂದೇ ಕಡೆ ಕೊಂಡಿ ಇರುವ ಸ್ಲಾಟುಗಳಲ್ಲಿ ಇನ್ನೊಂದು ತುದಿ ಅರ್ಧ ಎದ್ದಿದ್ದರೂ ಕೂತಂತೆಯೇ ಕಾಣುತ್ತದೆ. ಎರಡೂ ತುದಿಗಳನ್ನು ಬೇರೆಬೇರೆಯಾಗಿ ಒತ್ತಿ.

ಮುಂದಿನ ಹೆಜ್ಜೆ ಸಿಮಾಸ್, ಅಂದರೆ ಉಳಿಸಿಟ್ಟ ಬಯಾಸ್ ಸೆಟ್ಟಿಂಗ್‌ಗಳನ್ನು, ಅಳಿಸುವುದು. ಪವರ್ ಕೇಬಲ್ ಕಿತ್ತು, ಮ್ಯಾನ್ಯುಯಲ್ ತೋರಿಸುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಹತ್ತು ಸೆಕೆಂಡು ಕೂಡಿಸಿ. ಇಲ್ಲವೇ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಡಿ. ಅದರ ನಂತರವೂ ಟ್ರೈನಿಂಗ್ ಮತ್ತೆ ಮೊದಲಿನಿಂದ ನಡೆಯುತ್ತದೆ, ತಾಳ್ಮೆ ಇರಲಿ. 24 ಅಥವಾ 48 ಜಿಬಿಯ ಸ್ಟಿಕ್ ನಿಮ್ಮದಾಗಿದ್ದರೆ ಹಳೆಯ ಬಯಾಸ್ ಅದನ್ನು ಗುರುತಿಸದಿರಬಹುದು. ಬೋರ್ಡಿಗೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ಪರದೆ ಬರದೆಯೂ ಪೆನ್‌ಡ್ರೈವ್‌ನಿಂದ ಹೊಸ ಬಯಾಸ್ ಹಾಕಬಹುದು. ಪೆನ್‌ಡ್ರೈವ್ ಫ್ಯಾಟ್32 ಆಗಿರಬೇಕು, ಫೈಲಿನ ಹೆಸರು ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆಯೇ ಇರಬೇಕು.

ನಾಲ್ಕು ಸ್ಟಿಕ್ ಹಾಕುವ ಯೋಚನೆ ಇದ್ದರೆ ಇದನ್ನೂ ತಿಳಿದಿರಿ: ರೈಝನ್ 7000 ಪ್ರೊಸೆಸರುಗಳಿಗೆ ಎರಡು ಸ್ಟಿಕ್‌ಗಳಲ್ಲಿ ಅಧಿಕೃತ ವೇಗ 5200, ನಾಲ್ಕರಲ್ಲಿ ಬರೀ 3600.

ಪ್ರಶ್ನೆ: ಐ5-10400 ಪ್ರೊಸೆಸರ್, ಬಿ460 ಬೋರ್ಡು. 3200ರ ರ‍್ಯಾಮ್ ಹಾಕಿದರೂ 2666 ಮಾತ್ರ ತೋರಿಸುತ್ತಿದೆ. ಸಿಪಿಯು-ಝಡ್ ಅಂತೂ 1333 ಎನ್ನುತ್ತದೆ.

ಉತ್ತರ: ಆ ಪ್ರೊಸೆಸರಿನ ಅಧಿಕೃತ ಮಿತಿ 2666. ಬಿ460 ಚಿಪ್‌ಸೆಟ್ ಅದನ್ನು ಮೀರಲು ಬಿಡುವುದಿಲ್ಲ. ರ‍್ಯಾಮ್ ಸರಿಯಾಗಿಯೇ ಇದೆ. ಡಿಡಿಆರ್ ಒಂದು ಗಡಿಯಾರ ಬಡಿತದಲ್ಲಿ ಎರಡು ಸಲ ಮಾಹಿತಿ ಸಾಗಿಸುವುದರಿಂದ ಸಿಪಿಯು-ಝಡ್‌ನ ಅಂಕಿಯನ್ನು ಎರಡರಿಂದ ಗುಣಿಸಿ ಓದಬೇಕು.

ಪ್ರಶ್ನೆ: 16 ಜಿಬಿಯ ಎರಡು ಸ್ಟಿಕ್‌ಗಳಿವೆ. ವಿಂಡೋಸ್ 32 ಜಿಬಿ ಎಂದು ತೋರಿಸಿ, ಬಳಸಲು ಸಿಗುವುದು 15.9 ಎನ್ನುತ್ತದೆ.

ಉತ್ತರ: ಮೊದಲು ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಪುಟದ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಇದ್ದರೆ ತೆಗೆದು ರೀಸ್ಟಾರ್ಟ್ ಮಾಡಿ. ಟಿಕ್ ಇಲ್ಲದಿದ್ದರೆ ತೊಂದರೆ ಹಾರ್ಡ್‌ವೇರಿನದು. ಒಂದೇ ಸ್ಟಿಕ್ ಇಟ್ಟುಕೊಂಡು ಒಂದೊಂದು ಸ್ಲಾಟಿನಲ್ಲೂ ಹಾಕಿ ನೋಡಿ, ನಂತರ ಇನ್ನೊಂದರಿಂದಲೂ ಹಾಗೆಯೇ ಮಾಡಿ. ತೊಂದರೆ ಸ್ಟಿಕ್ಕಿನ ಜೊತೆ ಓಡಾಡಿದರೆ ಸ್ಟಿಕ್ ಕೆಟ್ಟಿದೆ. ಒಂದೇ ಚಾನೆಲ್ಲಿನ ಎರಡೂ ಸ್ಲಾಟುಗಳು ಯಾವ ಸ್ಟಿಕ್ಕಿಗೂ ಸ್ಪಂದಿಸದಿದ್ದರೆ ಪ್ರೊಸೆಸರಿನ ಕಡೆ ನೋಡಬೇಕು. ಕೂಲರಿನ ಸ್ಕ್ರೂಗಳನ್ನು ಒಂದು ಕಡೆ ಹೆಚ್ಚು ಬಿಗಿದಿದ್ದರೆ ಸಾಕೆಟ್ಟಿನ ಪಿನ್‌ಗಳು ಸರಿಯಾಗಿ ತಾಗುವುದಿಲ್ಲ. ಸಡಿಲಿಸಿ, ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಫಲ ಸಿಗದಿದ್ದರೆ ಪ್ರೊಸೆಸರ್ ಎತ್ತಿ, ಟಾರ್ಚ್ ಬೆಳಕಿನಲ್ಲಿ ಬಾಗಿದ ಪಿನ್ ಇದೆಯೇ ಎಂದು ನೋಡಿ.

ಪ್ರಶ್ನೆ: ಹಳೆಯ ಸರ್ವರಿನಿಂದ ತೆಗೆದ ಡಿಡಿಆರ್4 ರ‍್ಯಾಮ್ ಮನೆಯ ಕಂಪ್ಯೂಟರಿಗೆ ಆಗುತ್ತದೆಯೇ?

ಉತ್ತರ: ಲೇಬಲ್ ಓದಿ. ಪಿಸಿ4-2400ಟಿ-ಆರ್ ಎಂಬಂತೆ ವೇಗದ ನಂತರ ಆರ್ ಅಕ್ಷರವಿದ್ದರೆ ಅದು ಸರ್ವರುಗಳಿಗೆಂದು ಮಾಡಿದ ರಿಜಿಸ್ಟರ್ಡ್ ರ‍್ಯಾಮ್. ಸ್ಲಾಟಿಗೆ ಸರಿಯಾಗಿ ಕೂರುತ್ತದೆ, ಆದರೆ ಮನೆಬಳಕೆಯ ಬೋರ್ಡು ಬೂಟ್ ಆಗುವುದಿಲ್ಲ. ಯು ಅಕ್ಷರವಿದ್ದದ್ದೇ ಸಾಮಾನ್ಯ ರ‍್ಯಾಮ್.